ಕೊಡಗಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಮನೆ ಇದೆ ಅಂದರೆ ಸಾಕು, ವರ್ಷವಿಡೀ ಫೋನ್ ಬರುತ್ತಿರುತ್ತದೆ. ನೆಂಟರು, ಅವರ ಆಫೀಸಿನವರು, ಯಾವತ್ತೋ ಬಸ್ಸಿನಲ್ಲಿ ಪರಿಚಯವಾದವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಮೊದಲ ಸಲ ಬರುವವರಿಗೆ ಬೇಕಾದದ್ದು ಮೊದಲು, ಮತ್ತೆ ಮತ್ತೆ ಬರುವವರ ಪ್ರಶ್ನೆಗಳು ಆಮೇಲೆ. ಟಿಕೆಟ್ ದರ, ತೆರೆಯುವ ಹೊತ್ತು ಬದಲಾಗುತ್ತಲೇ ಇರುತ್ತವೆ. ಅವನ್ನು ಹೊರಡುವ ಹಿಂದಿನ ದಿನ ಕೇಳಿಕೊಳ್ಳಿ.

## ಹೊರಡುವ ಮುನ್ನ

ಯಾವ ತಿಂಗಳು ಬಂದ್ರೆ ಒಳ್ಳೇದು?

ಮೊದಲ ಸಲವಾದರೆ ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ. ಮಳೆ ನಿಂತಿರುತ್ತದೆ, ಹೊಳೆಗಳಲ್ಲಿ ಇನ್ನೂ ನೀರಿರುತ್ತದೆ, ಬೆಟ್ಟ ಹಸಿರಾಗಿರುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಸ್ವೆಟರ್ ಬೇಕೇ ಬೇಕು. ಕಾಫಿ ಕುಯ್ಲು ನಡೆಯುವುದೂ ಆಗಲೇ. ಅರೇಬಿಕಾ ನವೆಂಬರ್ ಹೊತ್ತಿಗೆ ಶುರುವಾದರೆ, ರೋಬಸ್ಟಾ ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಕಣದ ತುಂಬಾ ಹರಡಿದ ಕೆಂಪು ಹಣ್ಣು ದಿನದಿನಕ್ಕೆ ಕಪ್ಪಾಗುವುದನ್ನು ನೋಡಬಹುದು.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಸೆಕೆ ಇರುತ್ತದೆ, ಜಲಪಾತಗಳು ಸೊರಗಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಅದರ ಬಗ್ಗೆ ಕೆಳಗೆ ಬೇರೆಯೇ ಬರೆದಿದ್ದೇನೆ. ತಿಂಗಳಿಗಿಂತ ಮುಖ್ಯವಾದದ್ದು ವಾರ. ಸಾಲು ರಜೆ ಬಂತೆಂದರೆ ಮಡಿಕೇರಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದೂ ಕಷ್ಟ. ಸಾಧ್ಯವಿದ್ದರೆ ಸೋಮವಾರ ಬಂದು ಗುರುವಾರ ಹೊರಡಿ.

ಶನಿವಾರ, ಭಾನುವಾರ ಎರಡೇ ದಿನ ಇದೆ. ಎಲ್ಲಾ ನೋಡ್ಬಹುದಾ?

ಆಗುವುದಿಲ್ಲ. ಈ ಪ್ರಶ್ನೆಗೆ ನಾನು ಯಾವಾಗಲೂ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಬೆಂಗಳೂರಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರ್. ಹೋಗಿ ಬರುವುದಕ್ಕೇ ಒಂದು ದಿನದಷ್ಟು ಹೊತ್ತು ಹೋಗುತ್ತದೆ. ಕೊಡಗು ನಕ್ಷೆಯಲ್ಲಿ ಸಣ್ಣದು, ಆದರೆ ರಸ್ತೆಯಲ್ಲಿ ದೊಡ್ಡದು. ಮಡಿಕೇರಿಯಿಂದ ತಲಕಾವೇರಿಗೆ 50 ಕಿಲೋಮೀಟರ್ ಕೂಡ ಇಲ್ಲ, ಆದರೂ ತಿರುವು, ಏರು, ಎದುರಿಗೆ ಬರುವ ಬಸ್ಸು ಅಂತ ಒಂದೂವರೆ ಗಂಟೆಗೆ ಕಡಿಮೆ ಆಗುವುದಿಲ್ಲ. ಇಲ್ಲಿ ಗಂಟೆಗೆ 30 ಕಿಲೋಮೀಟರ್ ಅಂತ ಲೆಕ್ಕ ಹಾಕಿಕೊಳ್ಳಿ.

ಅದಕ್ಕೇ ಒಂದು ಸಲಕ್ಕೆ ಒಂದು ದಿಕ್ಕು ಆರಿಸಿಕೊಳ್ಳಿ ಅನ್ನುತ್ತೇನೆ. ಕುಶಾಲನಗರ, ದುಬಾರೆ ಆನೆ ಶಿಬಿರ ಒಂದು ಕಡೆ. ಮಡಿಕೇರಿ, ಭಾಗಮಂಡಲ, ತಲಕಾವೇರಿ ಇನ್ನೊಂದು. ಸೋಮವಾರಪೇಟೆ, ಮಲ್ಲಳ್ಳಿ ಜಲಪಾತ ಉತ್ತರಕ್ಕೆ. ವಿರಾಜಪೇಟೆ, ಗೋಣಿಕೊಪ್ಪ, ಕುಟ್ಟ ದಕ್ಷಿಣಕ್ಕೆ. ಎರಡು ದಿನಕ್ಕೆ ಒಂದು ದಿಕ್ಕು ಸಾಕು. ಪಟ್ಟಿಯಲ್ಲಿರುವ ಹದಿನೈದು ಜಾಗಕ್ಕೂ ಓಡಿದವರಿಗೆ ನೆನಪಿರುವುದು ಕಾರಿನ ಸೀಟು ಮಾತ್ರ. ಒಂದು ಕಡೆ ಉಳಿದು, ಬೆಳಗ್ಗೆ ಮಂಜು ಕರಗುವವರೆಗೆ ಜಗಲಿಯಲ್ಲಿ ಕೂತವರು ಮತ್ತೆ ಬರುತ್ತಾರೆ. ನಾನು ಕಂಡದ್ದು ಹೀಗೆ.

ಕಾರಿಲ್ಲ. ರೈಲು ಇದೆಯಾ? ಬಸ್ಸಲ್ಲೇ ಸುತ್ತಾಡೋಕೆ ಆಗುತ್ತಾ?

ಕೊಡಗಿಗೆ ರೈಲಿಲ್ಲ. ಮೈಸೂರುವರೆಗೆ ರೈಲಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿಯಬಹುದು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಬೆಂಗಳೂರಿಂದ ಬರುವವರಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಕೆಎಸ್ಆರ್‌ಟಿಸಿ ಬಸ್ಸುಗಳಿವೆ. ಮಂಗಳೂರಿನವರು ಪುತ್ತೂರು, ಸುಳ್ಯ, ಸಂಪಾಜೆ ಘಾಟಿ ಹತ್ತಿ ಬರುತ್ತಾರೆ. ವಿಮಾನದಲ್ಲಿ ಬರುವವರು ಕೇರಳದ ಕಣ್ಣೂರಿಗೂ ಬರಬಹುದು. ದಕ್ಷಿಣ ಕೊಡಗಿಗೆ ಅದೇ ಹತ್ತಿರ.

ಒಳಗೆ ಸುತ್ತಾಡಲು ಖಾಸಗಿ ಬಸ್ಸುಗಳಿವೆ. ಶಾಲೆ ಮಕ್ಕಳು, ತೋಟದ ಕೆಲಸದವರು, ಸಂತೆಗೆ ಹೋಗುವವರು ಎಲ್ಲರೂ ಅದರಲ್ಲೇ. ಪುರುಸೊತ್ತಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಸಂಜೆ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಹಳ್ಳಿ ಕಡೆ ಆಮೇಲೆ ಆಟೋ ಸಿಗುವುದು ಅದೃಷ್ಟ.

ಹೋಮ್‌ಸ್ಟೇ ಬುಕ್ ಮಾಡುವಾಗ ಏನು ಕೇಳ್ಬೇಕು?

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತ ಮೊದಲು ಕೇಳಿ. ಮನೆಯವರು ಅಲ್ಲೇ ಇರುತ್ತಾರಾ ಅಂತ ಎರಡನೆಯದು. ಮನೆಯವರು ಇರುವ ಕಡೆ ಊಟವೂ ಚೆನ್ನಾಗಿರುತ್ತದೆ, ರಾತ್ರಿ ಏನಾದರೂ ಆದರೆ ಕೇಳುವವರೂ ಇರುತ್ತಾರೆ. ಮೂರನೆಯದು ರಸ್ತೆ. ‘ಮುಖ್ಯ ರಸ್ತೆಯಿಂದ ಒಳಗೆ ಎಷ್ಟು ದೂರ, ನಮ್ಮ ಸಣ್ಣ ಕಾರು ಬರುತ್ತಾ?’ ಅಂತ ಸ್ಪಷ್ಟವಾಗಿ ಕೇಳಿ. ಮೊಬೈಲ್ ಮ್ಯಾಪ್ ಎಷ್ಟೋ ಸಲ ಖಾಸಗಿ ತೋಟದ ದಾರಿಯೊಳಗೆ ಕರೆದುಕೊಂಡು ಹೋಗಿ ಗೇಟಿನ ಮುಂದೆ ನಿಲ್ಲಿಸುತ್ತದೆ. ಕಡೆಯ ಐದು ಕಿಲೋಮೀಟರ್ ದಾರಿಯನ್ನು ಮನೆಯವರಿಂದಲೇ ಕೇಳಿ ಬರೆದುಕೊಳ್ಳಿ.

ನೆಟ್‌ವರ್ಕ್ ಎಲ್ಲಾ ಕಡೆ ಸಿಗುವುದಿಲ್ಲ. ಕೈಯಲ್ಲಿ ಸ್ವಲ್ಪ ನಗದು ಇರಲಿ, ಪೆಟ್ರೋಲ್ ಪೇಟೆಯಲ್ಲೇ ತುಂಬಿಸಿಕೊಳ್ಳಿ.

## ಎಲ್ಲಿಗೆ ಹೋಗೋದು

ಮಡಿಕೇರಿ ಊರಲ್ಲೇ ನೋಡೋಕೆ ಏನಿದೆ?

ಒಂದು ದಿನಕ್ಕೆ ಸಾಕಾಗುವಷ್ಟಿದೆ, ಹೆಚ್ಚಿನವರು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ ಎದ್ದುಬಿಡುತ್ತಾರೆ ಅಷ್ಟೇ. ಬೆಳಗ್ಗೆ ಕೋಟೆಯಿಂದ ಶುರು ಮಾಡಿ. ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಒಳಗೆ ಅರಮನೆ, ಅಂಗಳದಲ್ಲಿ ಎರಡು ಆನೆಯ ಪ್ರತಿಮೆ, ಬ್ರಿಟಿಷರ ಕಾಲದ ಚರ್ಚಿನಲ್ಲಿ ವಸ್ತುಸಂಗ್ರಹಾಲಯ. ಅಲ್ಲಿಂದ ಇಳಿದರೆ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಮೇಲೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಎದುರಿಗೆ ಕೆರೆ, ಕೆರೆ ತುಂಬಾ ಮೀನು. ಕೊಡಗಿನ ರಾಜರ ಗದ್ದುಗೆಯೂ, ಅಂದರೆ ಸಮಾಧಿಯೂ ಊರಿನಲ್ಲೇ ಇದೆ.

ಜನರಲ್ ತಿಮ್ಮಯ್ಯ ಹುಟ್ಟಿದ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ. 1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ.

ಅಬ್ಬಿ ಜಲಪಾತ ಊರಿಂದ ಹತ್ತಿರ, ತೋಟದ ನಡುವೆ ಮೆಟ್ಟಿಲು ಇಳಿದು ಹೋಗಬೇಕು. ಬೆಳಗ್ಗೆ ಬೇಗ ಹೋದರೆ ಮಾತ್ರ ನೀರಿನ ಸದ್ದು ಕೇಳುತ್ತದೆ.

ತಲಕಾವೇರಿಗೆ ಹೋಗುವಾಗ ದಾರೀಲಿ ಏನು ನೋಡ್ಬೇಕು?

ಭಾಗಮಂಡಲದಲ್ಲಿ ಇಳಿಯದೆ ಮುಂದೆ ಹೋಗಬೇಡಿ. ಕಾವೇರಿ, ಕನ್ನಿಕೆ ಸೇರುವ ಜಾಗ ಅದು. ಸುಜ್ಯೋತಿ ಅನ್ನುವ ಮೂರನೆಯದು ಕಣ್ಣಿಗೆ ಕಾಣದಂತೆ ಸೇರುತ್ತದೆ ಎಂದು ನಂಬಿಕೆ. ಸಂಗಮದಲ್ಲಿ ಕಾಲು ತೊಳೆದು, ಭಗಂಡೇಶ್ವರನಿಗೆ ಕೈ ಮುಗಿದು ಮೇಲೆ ಹೋಗುವುದು ಪದ್ಧತಿ. ಅಲ್ಲಿಂದ 8 ಕಿಲೋಮೀಟರ್ ಏರು ತಲಕಾವೇರಿಗೆ.

ತಲಕಾವೇರಿಯಲ್ಲಿ ಇರುವುದು ಒಂದು ಸಣ್ಣ ಕುಂಡಿಕೆ, ಅದರ ಮುಂದೆ ಒಂದು ಕೊಳ. ‘ಇಷ್ಟೇನಾ?’ ಅಂತ ಕೆಲವರು ಕೇಳುತ್ತಾರೆ. ಕೃಷ್ಣರಾಜಸಾಗರ ತುಂಬುವ ನೀರು, ನಿಮ್ಮ ಬೆಂಗಳೂರಿನ ಮನೆಯ ನಲ್ಲಿಗೆ ಬರುವ ನೀರು ಇಲ್ಲಿಂದ ಹೊರಡುತ್ತದೆ ಅಂತ ನೆನೆದು ನೋಡಿ. ನಮಗೆ ಕಾವೇರಿ ಮನೆದೇವತೆ. ಮೈತುಂಬಾ ಬಟ್ಟೆ ಹಾಕಿಕೊಂಡು ಬನ್ನಿ, ಕೊಳದ ಹತ್ತಿರ ರೀಲ್ಸ್ ಮಾಡಬೇಡಿ.

ಅಕ್ಟೋಬರ್ 17ರ ಆಸುಪಾಸು ತುಲಾ ಸಂಕ್ರಮಣಕ್ಕೆ ತೀರ್ಥೋದ್ಭವ ಆಗುತ್ತದೆ. ಗಳಿಗೆ ವರ್ಷ ವರ್ಷಕ್ಕೆ ಬೇರೆ, ಕೆಲವೊಮ್ಮೆ ನಡುರಾತ್ರಿ. ಆ ದಿನ ಜನಸಾಗರ. ಸುಮ್ನೆ ಜಾಗ ನೋಡುವ ಆಸೆ ಇದ್ದವರು ಬೇರೆ ದಿನ ಬನ್ನಿ.

ದುಬಾರೆ, ನಿಸರ್ಗಧಾಮ, ಗೋಲ್ಡನ್ ಟೆಂಪಲ್ ಮೂರೂ ಒಂದೇ ದಿನ ಆಗುತ್ತಾ?

ಆಗುತ್ತದೆ, ಮೂರೂ ಕುಶಾಲನಗರದ ಸುತ್ತಲೇ ಇವೆ. ದುಬಾರೆಗೆ ಬೆಳಗ್ಗೆ ಮೊದಲು ಹೋಗಿ. ಆನೆಗಳ ಸ್ನಾನ ಬೆಳಗಿನ ಹೊತ್ತೇ. ಕಾವೇರಿಯನ್ನು ದೋಣಿಯಲ್ಲಿ ದಾಟಬೇಕು, ಹೊಳೆ ತುಂಬಿದಾಗ ದೋಣಿ ನಿಲ್ಲಿಸುತ್ತಾರೆ. ನಿಸರ್ಗಧಾಮ ನದಿ ನಡುವಿನ ದ್ವೀಪ, ತೂಗುಸೇತುವೆ ದಾಟಿದರೆ ಬಿದಿರುಮೆಳೆಗಳು. ಗೋಲ್ಡನ್ ಟೆಂಪಲ್ ಅಂದರೆ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಬೌದ್ಧ ಮಠ. ಅದು ಇರುವುದು ಮೈಸೂರು ಜಿಲ್ಲೆಯಲ್ಲಿ, ಕುಶಾಲನಗರಕ್ಕೆ ಹತ್ತಿರ. ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂರ್ತಿಗಳ ಎದುರು ಪ್ರಾರ್ಥನೆ ನಡೆಯುವಾಗ ಹೋದರೆ ಕಹಳೆ, ನಗಾರಿಯ ಸದ್ದು ಎದೆಗೆ ತಟ್ಟುತ್ತದೆ. ಮೈಸೂರು ಕಡೆಗೆ ವಾಪಸ್ ಹೋಗುವವರು ಅದನ್ನು ಕೊನೆಗಿಟ್ಟುಕೊಳ್ಳಿ.

ಅಜ್ಜಿ ಇದ್ದಾರೆ, ಜಾಸ್ತಿ ನಡೆಯೋಕೆ ಆಗಲ್ಲ. ಎಲ್ಲಿಗೆ ಕರ್ಕೊಂಡು ಹೋಗಲಿ?

ರಾಜಾಸೀಟ್, ಭಾಗಮಂಡಲ, ಬೈಲಕುಪ್ಪೆ, ಹಾರಂಗಿ. ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನಕ್ಕೂ ಕರೆದುಕೊಂಡು ಹೋಗಿ. ಮಳೆ ಬೆಳೆ ಕೊಡುವ ದೇವರು ಅಂತ ಇಡೀ ಕೊಡಗು ನಂಬುವ ಜಾಗ, ಮನಸ್ಸಿಗೆ ಸಮಾಧಾನ ಕೊಡುತ್ತದೆ. ಅಬ್ಬಿ, ಮಲ್ಲಳ್ಳಿ ಎರಡೂ ಬೇಡ. ಇಳಿಯುವಾಗ ಗೊತ್ತಾಗುವುದಿಲ್ಲ, ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತದೆ. ತಿರುವು ರಸ್ತೆಯಲ್ಲಿ ವಾಂತಿ ಬರುವವರಿಗೆ ಮುಂದಿನ ಸೀಟು ಕೊಡಿ, ಹೊಟ್ಟೆ ತುಂಬಾ ತಿಂಡಿ ತಿನ್ನಿಸಿ ಹೊರಡಬೇಡಿ.

ಮಾಂದಲಪಟ್ಟಿಗೆ ನಮ್ಮ ಕಾರಲ್ಲೇ ಹೋಗ್ಬಹುದಾ?

ಬೇಡ. ಬೆಟ್ಟದ ತುದಿ ಅದು, ಕೊನೆಯ ದಾರಿ ಕಲ್ಲು, ಗುಂಡಿ, ಕಡಿದಾದ ಏರು. ಬಾಡಿಗೆ ಜೀಪುಗಳಿವೆ. ಹತ್ತುವ ಮುನ್ನವೇ ದರ ಮಾತಾಡಿ, ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಅಂತಲೂ ಕೇಳಿ. ಮಂಜು ಪೂರ್ತಿ ಮುಚ್ಚಿದ ದಿನ ಏನೂ ಕಾಣುವುದಿಲ್ಲ, ಜೀಪಿನವರನ್ನೇ ‘ಇವತ್ತು ಹೇಗಿದೆ?’ ಅಂತ ಕೇಳಿ ನಿರ್ಧರಿಸಿ.

ಜನಜಂಗುಳಿ ಇಲ್ಲದ ಕಡೆ ಯಾವುದು?

ದಕ್ಷಿಣ ಕೊಡಗು. ವಿರಾಜಪೇಟೆ, ಅಮ್ಮತ್ತಿ, ಪೊಲಿಬೆಟ್ಟ, ಶ್ರೀಮಂಗಲ, ಕುಟ್ಟ. ಗದ್ದೆ, ತೋಟ, ದೊಡ್ಡ ಮರಗಳ ನೆರಳಿನ ರಸ್ತೆ, ಅಷ್ಟೇ. ಇರ್ಪು ಜಲಪಾತ ಅಲ್ಲೇ ಇದೆ. ಲಕ್ಷ್ಮಣತೀರ್ಥ ನದಿಯದು. ಕೆಳಗೆ ರಾಮೇಶ್ವರ ದೇವಸ್ಥಾನ, ಶಿವರಾತ್ರಿಗೆ ಮಾತ್ರ ಜನ ಸೇರುತ್ತಾರೆ. ಕುಟ್ಟದ ಹತ್ತಿರದ ನಾಣಚ್ಚಿ ಗೇಟಿನಿಂದ ನಾಗರಹೊಳೆ ಸಫಾರಿಗೂ ಹೋಗಬಹುದು. ಕಾಡೊಳಗಿನ ರಸ್ತೆ ರಾತ್ರಿ ಮುಚ್ಚುತ್ತದೆ, ಸಂಜೆ ತಡ ಮಾಡಿ ಆ ಕಡೆ ಹೊರಡಬೇಡಿ.

## ಊಟ, ಖರೀದಿ

ನಾವು ಸಸ್ಯಾಹಾರಿ. ಕೊಡಗಲ್ಲಿ ಪಂದಿ (ಹಂದಿ) ಕರಿ ಬಿಟ್ರೆ ಏನಿದೆ?

ಬೇಕಾದಷ್ಟಿದೆ, ಕೇಳಿ ಮಾಡಿಸಿಕೊಳ್ಳಬೇಕು. ಅಕ್ಕಿ ತರಿಯ ಕಡಂಬುಟ್ಟು, ಶಾವಿಗೆಯ ನೂಲ್‌ಪುಟ್ಟು, ತೆಂಗಿನಕಾಯಿ, ಹಾಲು ಹಾಕಿ ತಟ್ಟೆಯಲ್ಲಿ ಬೇಯಿಸುವ ಪಾಪುಟ್ಟು, ಅನ್ನ ಸೇರಿಸಿ ಮಾಡುವ ಅಕ್ಕಿ ರೊಟ್ಟಿ. ಇವಕ್ಕೆ ಜೊತೆಗೆ ಮಳೆಗಾಲದಲ್ಲಿ ಎಳೆ ಬಿದಿರಿನ ಕಣಿಲೆ ಕರಿ, ಅಣಬೆಯ ಕುಮ್ಮು ಕರಿ, ಬೇಸಿಗೆಯಲ್ಲಿ ಕಾಡುಮಾವಿನ ಕರಿ. ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸಿಡಬೇಕು, ಹಾಗಾಗಿ ಮೊದಲೇ ಹೇಳಿ. ಆಗಸ್ಟ್ 3ರ ಆಸುಪಾಸು, ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಬಂದರೆ ಮದ್ದುಸೊಪ್ಪಿನ ಪಾಯಸ ಸಿಗಬಹುದು. ಸೊಪ್ಪು ಬೇಯಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮನೆ ತುಂಬಾ ಅದರದೇ ಪರಿಮಳ. ಮರುದಿನ ಮೂತ್ರ ಕೆಂಪಾದರೆ ಹೆದರಬೇಡಿ, ಸೊಪ್ಪಿನ ಬಣ್ಣ ಅದು.

ಮಾಂಸ ತಿನ್ನುವವರು ಪಂದಿ ಕರಿಯನ್ನು ಕಡಂಬುಟ್ಟಿನ ಜೊತೆಗೇ ತಿನ್ನಿ. ಅದರ ಕಪ್ಪು ಬಣ್ಣ, ಹುಳಿ ಎರಡರಲ್ಲೂ ಕಾಚಂಪುಳಿಯ ಪಾಲಿದೆ. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ ಹುಳಿ ಅದು. ಕೆಲವೇ ಹನಿ ಸಾಕು.

ಕಾಫಿಪುಡಿ, ಜೇನು, ಏಲಕ್ಕಿ ಎಲ್ಲಾ ಅಸಲಿನಾ? ಏನು ತಗೊಳ್ಳಲಿ?

ಕಾಫಿಪುಡಿ ಪ್ಯಾಕೆಟ್ಟಿನ ಮೇಲೆ ಚಿಕೋರಿ ಶೇಕಡಾ ಎಷ್ಟು ಅಂತ ಬರೆದಿರಬೇಕು, ಓದಿ. ಮಿಶ್ರಣದಲ್ಲಿ ಚಿಕೋರಿ 49ರವರೆಗೂ ಇರಬಹುದು, ಕಾನೂನಿನಲ್ಲೇ ಅವಕಾಶವಿದೆ. ಬೀಜ ಹುರಿದು ನಿಮ್ಮ ಮುಂದೆಯೇ ಪುಡಿ ಮಾಡಿಕೊಡುವ ಅಂಗಡಿ ಇದ್ದರೆ ಅಲ್ಲೇ ತಗೊಳ್ಳಿ, ಒಂದು ತಿಂಗಳಿಗೆ ಆಗುವಷ್ಟು ಮಾತ್ರ. ಕಾಳುಮೆಣಸು ಮಾರ್ಚ್ ದಾಟಿದ ಮೇಲೆ ಹೊಸ ಬೆಳೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಬಣ್ಣ ಹಸಿರು ಬೆರೆತ ಹಳದಿ, ರುಚಿಯಲ್ಲಿ ಸಿಹಿಯೂ ಇದೆ, ಹುಳಿಯೂ ಇದೆ. ರಸ್ತೆ ಬದಿಯಲ್ಲಿ ಹೊಳೆಯುವ ಕೆಂಪು ಕಿತ್ತಳೆ ಕಂಡರೆ ಅದು ಬೇರೆ ಊರಿನದು. ಜೇನನ್ನು ಸಹಕಾರ ಸಂಘದ ಮಳಿಗೆಯಲ್ಲೋ, ಸಾಕುವವರ ಮನೆಯಲ್ಲೋ ತಗೊಳ್ಳಿ.

## ಇನ್ನೂ ಸ್ವಲ್ಪ ಒಳಗೆ

ಕಾಫಿ ಹೂ ಬಿಟ್ಟಾಗ ಬರ್ಬೇಕು ಅಂತ ಆಸೆ. ತಾರೀಖು ಹೇಳ್ತೀರಾ?

ತಾರೀಖನ್ನು ಮಳೆ ಹೇಳುತ್ತದೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಒಂದು ಒಳ್ಳೆಯ ಮಳೆ ಬೀಳಬೇಕು. ನಾವು ಅದನ್ನು ಹೂಮಳೆ ಅನ್ನುತ್ತೇವೆ. ಮಳೆ ಬಾರದಿದ್ದರೆ ಅನುಕೂಲ ಇದ್ದವರು ಸ್ಪ್ರಿಂಕ್ಲರ್ ಹಾಕಿ ರೋಬಸ್ಟಾಕ್ಕೆ ನೀರು ಕೊಡುತ್ತಾರೆ. ನೀರು ಬಿದ್ದ ಎಂಟು ಹತ್ತು ದಿನಕ್ಕೆ ಮೊಗ್ಗು ಒಡೆಯುತ್ತದೆ. ಹಿಂದಿನ ಸಂಜೆವರೆಗೆ ಹಸಿರಾಗಿದ್ದ ತೋಟ ಬೆಳಗ್ಗೆ ಎದ್ದರೆ ಬೆಳ್ಳಗೆ. ರೆಂಬೆಯ ಗಂಟುಗಂಟಿಗೂ ಹೂವಿನ ಗೊಂಚಲು, ಮಲ್ಲಿಗೆಯಂಥ ಘಮ. ಹತ್ತಿರ ಹೋಗಿ ನಿಂತರೆ ಜೇನುಹುಳುಗಳ ಗುಂಯ್‌ಗುಡುವಿಕೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಮೂರು ನಾಲ್ಕು ದಿನಕ್ಕೆ ಹೂ ಕಂದುತ್ತದೆ.

ಹಾಗಾಗಿ ಮಾರ್ಚ್‌ನಲ್ಲಿ ಕೊಡಗಿನ ಪರಿಚಯದವರಿಗೆ ಫೋನ್ ಮಾಡಿ, ‘ಹೂಮಳೆ ಬಂತಾ?’ ಅಂತ ಕೇಳಿ. ಬಂತು ಅಂದರೆ ಮುಂದಿನ ವಾರಕ್ಕೆ ರಜೆ ಹಾಕಿ. ಸಿದ್ದಾಪುರ, ಅಮ್ಮತ್ತಿ, ಪೊಲಿಬೆಟ್ಟದ ಕಡೆ ರಸ್ತೆಯಿಂದಲೇ ಕಾಣುತ್ತದೆ. ಒಂದು ಮಾತು ಮಾತ್ರ ಬೇಡಿಕೊಳ್ಳುತ್ತೇನೆ. ಗಿಡಗಳ ನಡುವೆ ನುಗ್ಗಿ ಫೋಟೋ ತೆಗೆಸಿಕೊಳ್ಳಬೇಡಿ, ಹೂ ಕೀಳಬೇಡಿ. ರೋಬಸ್ಟಾದಲ್ಲಿ ಒಂದು ಗಿಡದ ಪರಾಗ ಇನ್ನೊಂದಕ್ಕೆ ತಲುಪಿದರೇ ಕಾಯಿ. ಆ ಮೂರು ದಿನದ ಮೇಲೆ ಒಂದು ಮನೆಯ ಇಡೀ ವರ್ಷದ ಲೆಕ್ಕ ನಿಂತಿರುತ್ತದೆ.

ತಡಿಯಂಡಮೋಳ್ ಹತ್ತೋಕೆ ಅಭ್ಯಾಸ ಬೇಕಾ?

ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ದಿನಾ ನಡೆಯುವ ಅಭ್ಯಾಸ ಇದ್ದವರು ನಿಧಾನಕ್ಕೆ ಹತ್ತಬಹುದು. ಕಕ್ಕಬೆ ಹತ್ತಿರದ ನಾಲ್ಕುನಾಡು ಅರಮನೆಯಿಂದ ಶುರು. ಮೊದಲರ್ಧ ಸಲೀಸು, ಕೊನೆಗೆ ಶೋಲಾ ಕಾಡಿನೊಳಗಿನ ಏರು ಕಡಿದು. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಇಳಿಯಲು ತೊಡಗಿ. ಅರಣ್ಯ ಇಲಾಖೆಯ ಅನುಮತಿ ಬೇಕು, ಚಾರಣ ತೆರೆದಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಕುಡಿಯುವ ನೀರು ನೀವೇ ಹೊತ್ತುಕೊಳ್ಳಿ, ಖಾಲಿ ಬಾಟಲಿಯನ್ನೂ ನೀವೇ ಹೊತ್ತು ತನ್ನಿ.

ಇಳಿದ ಮೇಲೆ ಅರಮನೆಯೊಳಗೆ ಹೋಗಿ ನೋಡಿ. ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಿದ್ದು. ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಶರಣಾಗುವ ಮುನ್ನ ಇದ್ದದ್ದು ಇಲ್ಲೇ.

ಮಳೆಗಾಲದಲ್ಲಿ ಬಂದ್ರೆ ಅಪಾಯನಾ?

ಮಳೆಯನ್ನು ನೋಡಲೆಂದೇ ಬರುವವರಿದ್ದಾರೆ, ಅವರ ಆಸೆ ನನಗೆ ಅರ್ಥವಾಗುತ್ತದೆ. ಮಲ್ಲಳ್ಳಿ ತುಂಬಿ ಧುಮುಕುವುದನ್ನು ಜುಲೈನಲ್ಲೇ ನೋಡಬೇಕು. ಆದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಮನೆ, ತೋಟ, ಜೀವ ಎಲ್ಲಾ ಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿತು. ನಾವು ಅದನ್ನು ಮರೆತಿಲ್ಲ. ರೆಡ್ ಅಲರ್ಟ್ ಬಂದರೆ ಬುಕಿಂಗ್ ಹಣ ಹೋದರೂ ಸರಿ, ಬರಬೇಡಿ. ಬಂದಾಗ ಅಲರ್ಟ್ ಆದರೆ ಘಾಟಿ ಕಡೆ ಹೋಗದೆ ಇದ್ದಲ್ಲೇ ಇರಿ. ಜಲಪಾತದ ಬೇಲಿ ದಾಟಬೇಡಿ, ಪಾಚಿ ಕಟ್ಟಿದ ಬಂಡೆ ಯಾರನ್ನೂ ನಿಲ್ಲಿಸಿಕೊಳ್ಳುವುದಿಲ್ಲ.

ಕುಶಾಲನಗರದ ಕಡೆ ಮಳೆ ಎಷ್ಟೋ ಕಡಿಮೆ, ಭಾಗಮಂಡಲದ ಕಡೆ ಜೋರು. ಹೆದರಿಕೆ ಇದ್ದವರು ಕುಶಾಲನಗರದಲ್ಲಿ ಉಳಿಯಿರಿ. ಜಿಗಣೆಗೆ ಉಪ್ಪು ಅಥವಾ ಸುಣ್ಣ ಸಾಕು, ಕಿತ್ತು ಎಳೆಯಬೇಡಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ತೊಳೆದು ಒತ್ತಿ ಹಿಡಿಯಿರಿ.

ತೋಟದಲ್ಲಿ ಆನೆ ಬರುತ್ತಂತೆ, ನಿಜಾನಾ?

ನಿಜ. ಸಿದ್ದಾಪುರ, ವಿರಾಜಪೇಟೆ, ಗೋಣಿಕೊಪ್ಪದ ಸುತ್ತ ಕಾಡಾನೆ ತೋಟದಲ್ಲೇ ಇರುವ ದಿನಗಳಿವೆ. ಹಲಸು ಹಣ್ಣಾಗುವಾಗ ಇನ್ನೂ ಜಾಸ್ತಿ. ತೋಟದ ಕೆಲಸಕ್ಕೆ ಹೋದವರು ಆನೆ ದಾಳಿಗೆ ಪ್ರಾಣ ಕಳೆದುಕೊಂಡಿದ್ದಾರೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುನ್ನ ತೋಟದೊಳಗೆ ನಡೆಯಲು ಹೋಗಬೇಡಿ. ‘ಆನೆ ಇದೆ’ ಅಂತ ಮನೆಯವರು ಹೇಳಿದರೆ ಅದು ಮಾತು ಮುಗಿದಂತೆ. ರಸ್ತೆಯಲ್ಲಿ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡದೆ, ಇಳಿಯದೆ, ಅದು ಹೋಗುವವರೆಗೆ ಕಾಯಿರಿ.

ಹಬ್ಬದ ಟೈಮಲ್ಲಿ ಬಂದು ನೋಡ್ಬಹುದಾ? ಹೊರಗಿನವರನ್ನ ಸೇರಿಸ್ಕೋತಾರಾ?

ಮಡಿಕೇರಿ ದಸರಾ ಎಲ್ಲರದು. ನಾಲ್ಕು ಶಕ್ತಿದೇವತೆಗಳ ಕರಗ ಹೊರಡುವುದರಿಂದ ಶುರುವಾಗಿ, ವಿಜಯದಶಮಿ ರಾತ್ರಿ ಹತ್ತು ಮಂಟಪಗಳು ಬೆಳಗಾಗುವವರೆಗೆ ಸಾಗುತ್ತವೆ. ತಿಂಗಳುಗಳ ಮೊದಲೇ ರೂಮು ಹೇಳಿಡಿ.

ಏಪ್ರಿಲ್ ಹೊತ್ತಿಗೆ ಕೊಡವ ಕುಟುಂಬಗಳ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದದ್ದು. ಪ್ರತಿ ವರ್ಷ ಒಂದೊಂದು ಕುಟುಂಬ ನಡೆಸುತ್ತದೆ. ಅಪ್ಪ, ಮಗಳು, ಸೊಸೆ ಒಂದೇ ತಂಡದಲ್ಲಿ ಆಡುವುದನ್ನು ನೋಡಬಹುದು. ಹೋಗಿ ಕೂತು ಚಪ್ಪಾಳೆ ತಟ್ಟಿ, ಯಾರೂ ಬೇಡ ಅನ್ನುವುದಿಲ್ಲ.

ಹುತ್ತರಿ ಬೇರೆ. ನವೆಂಬರ್ ಕೊನೆ, ಡಿಸೆಂಬರ್‌ನ ಹುಣ್ಣಿಮೆ ರಾತ್ರಿ ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತಾ ಗದ್ದೆಯಿಂದ ಕದಿರು ತೆಗೆಯುವುದು ಮನೆಮನೆಯ ಹಬ್ಬ. ಕರೆದರೆ ಖಂಡಿತ ಹೋಗಿ, ಕರೆಯದೆ ಕ್ಯಾಮೆರಾ ಹಿಡಿದು ಗದ್ದೆಗೆ ಇಳಿಯಬೇಡಿ. ಮರುದಿನಗಳಲ್ಲಿ ಊರ ಮಂದ್‌ನಲ್ಲಿ, ಅಂದರೆ ಊರವರು ಸೇರುವ ಬಯಲಿನಲ್ಲಿ ನಡೆಯುವ ಕೋಲಾಟವನ್ನು ಯಾರೂ ನಿಂತು ನೋಡಬಹುದು.

ಐನ್‌ಮನೆ, ದೇವರಕಾಡು ನೋಡೋಕೆ ಒಳಗೆ ಬಿಡ್ತಾರಾ?

ಐನ್‌ಮನೆ ಅಂದರೆ ಒಂದು ಒಕ್ಕದ, ಅಂದರೆ ಮನೆತನದ ಹಿರಿಯರ ಮನೆ. ಎಷ್ಟೋ ಕಡೆ ಈಗಲೂ ಜನ ವಾಸವಿದ್ದಾರೆ. ಗೇಟಿನ ಹತ್ತಿರ ನಿಂತು ಕೂಗಿ ಕೇಳಿ, ಚಪ್ಪಲಿ ಹೊರಗೆ ಬಿಡಿ, ನೆಲ್ಲಕ್ಕಿ ಬಾಡೆ ಅನ್ನುವ ನಡುಮನೆಯ ತೂಗುದೀಪದ ಹತ್ತಿರ ಹೇಳದೆ ಹೋಗಬೇಡಿ. ಹಿರಿಯರಿದ್ದರೆ ಕೂರಿಸಿ ಕಾಫಿ ಕೊಟ್ಟು ಮನೆಯ ಕತೆಯನ್ನೇ ಹೇಳಿಯಾರು.

ದೇವರಕಾಡು ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚಿವೆ. ದೇವರ ಹೆಸರಿನಲ್ಲಿ ಊರವರು ಕಡಿಯದೆ ಉಳಿಸಿಕೊಂಡ ಕಾಡು. ಕೆಲವಕ್ಕೆ ಹಬ್ಬದ ದಿನ ಬಿಟ್ಟು ಊರವರೂ ಹೋಗುವುದಿಲ್ಲ. ರಸ್ತೆಯ ಅಂಚಿನಿಂದ ನೋಡಿ, ಒಳಗೆ ಹೋಗಲೇಬೇಕು ಅನ್ನಿಸಿದರೆ ಆ ಊರಿನ ದೇವಸ್ಥಾನದವರನ್ನು ಕೇಳಿ. ಬೇಡ ಅಂದರೆ ಅಲ್ಲಿಂದಲೇ ಕೈ ಮುಗಿದು ಮುಂದೆ ಹೋಗಿ.